ಕಣ್ಣಿಗೆ 450, ಬಟ್ಟೆಗೆ 280: ಹೊಲಿಗೆ ಮೆಷಿನ್‌ಗೊಂದು 12 ವೋಲ್ಟ್ ದೀಪ

ದೂರು ಹೀಗಿತ್ತು: "ಲೈಟ್ ಫುಲ್ ಇಟ್ಟರೆ ಕಣ್ಣಿಗೆ ಚುಚ್ಚುತ್ತೆ. ಕಡಿಮೆ ಮಾಡಿದರೆ ತಲೆ ನೋಯುತ್ತೆ. ಕಪ್ಪು ಬಟ್ಟೆ ಬಂದರಂತೂ ಹೊಲಿಗೆ ಕಾಣೋದೇ ಇಲ್ಲ." ಹೇಳಿದವರು ದಿನವಿಡೀ ಹೊಲಿಗೆ ಮೆಷಿನ್ ಮುಂದೆ ಕೂರುವ ನನ್ನ ಪರಿಚಿತರು. ಒಂದು ಒಳ್ಳೆಯ ದೀಪ ಮಾಡಿಕೊಡು ಅಂದರು.

ಅವರ ಮೇಜಿಗೆ ದೀಪ ಇರಲಿಲ್ಲ ಅಂತಲ್ಲ. ಮೆಷಿನ್ ಹಿಂದಿನ ಗೋಡೆಗೆ ಒಂದು ಶೆಲ್ಫ್ ಇದೆ. ಅದರ ಮುಂದಿನ ಅಂಚಿಗೆ ಒಂದು ಮೀಟರ್ ಎಲ್‌ಇಡಿ ಸ್ಟ್ರಿಪ್ ಅಂಟಿಸಿಕೊಂಡಿದ್ದರು. 5050 ಅನ್ನುವ ಅಳತೆಯ ಚಿಪ್‌ನದು, ಮೀಟರಿಗೆ 60 ಎಲ್‌ಇಡಿ, ನೀಲಿ ಛಾಯೆಯ ಬಿಳಿ ಬೆಳಕು. ಕರೆಂಟ್ ಕೊಡೋದಕ್ಕೆ ಹಳೆಯ ರೂಟರಿನ 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್. ನಡುವೆ ಗುಂಡಿ ತಿರುಗಿಸುವ ಅಗ್ಗದ ಡಿಮ್ಮರ್. ಲೆಕ್ಕ ಹಾಕಿದರೆ ಇದು 14.4 ವ್ಯಾಟ್‌ನ ದೀಪ. ಒಂದು ಹೊಲಿಗೆ ಮೆಷಿನ್‌ಗೆ ಇಷ್ಟು ಬೇಕಾದಷ್ಟಾಯಿತು. ಅಡಾಪ್ಟರ್‌ಗೂ ಜಾಸ್ತಿಯೇ ಆಗಿತ್ತು, ಏಕೆಂದರೆ ಆ ಸ್ಟ್ರಿಪ್ ಕೇಳುವುದು 1.2 ಆಂಪಿಯರ್. ಅಡಾಪ್ಟರ್ ಮುಟ್ಟಿದರೆ ಕೈ ಇಡಲು ಆಗದಷ್ಟು ಬಿಸಿ.

ಇಂಥ ಕಡೆ ಎಲ್ಲರಿಗೂ ಮೊದಲು ಹೊಳೆಯುವುದು ಇನ್ನೂ ದೊಡ್ಡ ಸ್ಟ್ರಿಪ್, ಇನ್ನೂ ದೊಡ್ಡ ಅಡಾಪ್ಟರ್. ಆದರೆ ಈ ಮೇಜಿನಲ್ಲಿ ಬೆಳಕಿಗೆ ಕೊರತೆ ಇರಲಿಲ್ಲ. ಅದು ಹೋಗಬಾರದ ಕಡೆ ಹೋಗುತ್ತಿತ್ತು, ಅಷ್ಟೇ.

ಫೋನ್ ತೋರಿಸಿದ ಲೆಕ್ಕ

ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡೆ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಅಳತೆ ಲಕ್ಸ್. ಫೋನಿನ ಸೆನ್ಸರ್ ಹೇಳುವ ಲಕ್ಸ್ ಸಂಖ್ಯೆಯನ್ನು ಪೂರ್ತಿ ನಂಬಬಾರದು. ಆದರೆ ಅದೇ ಫೋನಿನಲ್ಲಿ ಎರಡು ಜಾಗ ಅಳೆದು ಹೋಲಿಸಬಹುದು. ಸೂಜಿಯ ಕೆಳಗಿನ ತಟ್ಟೆಯ ಮೇಲೆ 280 ಲಕ್ಸ್ ಆಸುಪಾಸು ಬಂತು. ಹೊಲಿಯುವ ಭಂಗಿಯಲ್ಲಿ ಕೈ ಇಟ್ಟು ನೋಡಿದರೆ 130ಕ್ಕೆ ಇಳಿಯಿತು. ಆಮೇಲೆ ಅವರ ಕಣ್ಣಿರುವ ಎತ್ತರದಲ್ಲಿ ಫೋನನ್ನು ಸ್ಟ್ರಿಪ್ ಕಡೆ ತಿರುಗಿಸಿ ಹಿಡಿದೆ. ಸುಮಾರು 450!

ಬಟ್ಟೆಗಿಂತ ಕಣ್ಣಿಗೇ ಹೆಚ್ಚು ಬೆಳಕು ಬೀಳುತ್ತಿತ್ತು. ಸ್ಟ್ರಿಪ್ ಅಂಟಿಸಿದ್ದು ಶೆಲ್ಫಿನ ತಳಕ್ಕಲ್ಲ, ಎದುರಿಗೆ ಕಾಣುವ ಅಂಚಿಗೆ. ಹಾಗಾಗಿ ಅದರ ಮುಖ ಕೂತವರ ಕಡೆಗಿತ್ತು. ಬರಿಗಣ್ಣಿಗೆ ಎದುರಾಗಿ ಅರವತ್ತು ಚುಕ್ಕೆಗಳು ಹೊಳೆಯುತ್ತಿದ್ದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಕೆಳಗಿರುವ ಬಟ್ಟೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಚುಚ್ಚುತ್ತೆ ಅಂತ ಡಿಮ್ಮರ್ ತಿರುಗಿಸಿದರೆ ಬಟ್ಟೆಗೆ ಇದ್ದ ಬೆಳಕೂ ಹೋಗುತ್ತದೆ. ಹೊಲಿಗೆ ಕೆಲಸಕ್ಕೆ ಯುರೋಪಿನ ಇಎನ್ 12464-1 ಮಾನದಂಡ ಕೇಳುವುದು 750 ಲಕ್ಸ್. ಇಲ್ಲಿ ಕೈಯ ನೆರಳಿನಲ್ಲಿ ಉಳಿದಿದ್ದು ಅದರ ಐದನೇ ಒಂದು ಭಾಗಕ್ಕಿಂತ ಕಡಿಮೆ.

ಕಪ್ಪು ಬಟ್ಟೆಯ ಕಷ್ಟ ಬೇರೆಯೇ. ಬಿಳಿ ಹತ್ತಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 80ರಷ್ಟನ್ನು ವಾಪಸ್ ಕೊಡುತ್ತದೆ ಅಂದುಕೊಳ್ಳಿ. ಕಪ್ಪು ಬಟ್ಟೆ ಕೊಡುವುದು 5ರಷ್ಟು. ಅಂದರೆ ಕಪ್ಪು ಬಟ್ಟೆಗೆ 1000 ಲಕ್ಸ್ ಸುರಿದರೂ ಕಣ್ಣಿಗೆ ಅದು ಬಿಳಿ ಬಟ್ಟೆಯ ಮೇಲಿನ 60 ಲಕ್ಸ್‌ನಷ್ಟೇ. ಕಪ್ಪು ಬಟ್ಟೆಗೆ ಕಪ್ಪು ನೂಲಾದರೆ ಬಣ್ಣದ ವ್ಯತ್ಯಾಸವೂ ಇಲ್ಲ. ಆಗ ಹೊಲಿಗೆ ಕಾಣುವುದು ನೂಲಿನ ಉಬ್ಬು ಬೀಳಿಸುವ ಸಣ್ಣ ನೆರಳಿನಿಂದ ಮಾತ್ರ. ಆ ನೆರಳು ಬೀಳಬೇಕಾದರೆ ಬೆಳಕು ಮೇಲಿನಿಂದ ನೇರ ಬರಬಾರದು. ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವ ಹಾಗೆ ಬರಬೇಕು. ಟಾರ್ಚ್ ಹಿಡಿದು ಇದನ್ನು ಅವರಿಗೆ ತೋರಿಸಿದೆ. ಮೇಲಿನಿಂದ ಬಿಟ್ಟಾಗ ಕಪ್ಪು ಬಟ್ಟೆ ಸುಮ್ನೆ ಕಪ್ಪು. ಮೇಜಿನ ಮಟ್ಟಕ್ಕೆ ಇಳಿಸಿ ಎಡಗಡೆಯಿಂದ ಬಿಟ್ಟ ಕೂಡಲೇ ಒಂದೊಂದು ಹೊಲಿಗೆಯೂ ಎದ್ದು ಕಂಡಿತು.

ಹೊಸ ದೀಪ ಎಲ್ಲಿರಬೇಕು ಅನ್ನೋದು ಅಲ್ಲಿಗೇ ಅರ್ಧ ತೀರ್ಮಾನವಾಯಿತು.

ತಲೆನೋವಿನ ಮೂಲ

ಇನ್ನೊಂದು ಸುಳಿವು ಅವರ ಮಾತಿನಲ್ಲೇ ಇತ್ತು. ಕಡಿಮೆ ಮಾಡಿದಾಗ ಮಾತ್ರ ತಲೆನೋವು. ಫುಲ್ ಇದ್ದಾಗ ಕಣ್ಣು ಚುಚ್ಚಿದರೂ ತಲೆ ನೋಯುವುದಿಲ್ಲ. ಇದು ಡಿಮ್ಮರ್ ಕಡೆ ಬೆರಳು ತೋರಿಸುತ್ತದೆ, ಅಲ್ವಾ?

ಈ ಬಗೆಯ ಡಿಮ್ಮರ್ ಬೆಳಕನ್ನು ನಿಜಕ್ಕೂ ಮಂದ ಮಾಡುವುದಿಲ್ಲ. ಸೆಕೆಂಡಿಗೆ ನೂರಾರು ಸಲ ದೀಪವನ್ನು ಪೂರ್ತಿ ಹಚ್ಚಿ ಪೂರ್ತಿ ಆರಿಸುತ್ತದೆ. ಹಚ್ಚಿದ ಹೊತ್ತು ಕಡಿಮೆಯಾದಷ್ಟೂ ಕಣ್ಣಿಗೆ ಮಂದವಾಗಿ ಕಾಣುತ್ತದೆ. ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಆರಿಸುವುದೇ ನಿಂತುಹೋಗುವುದರಿಂದ ಆಗ ಮಿಣುಕು ಇರುವುದಿಲ್ಲ. ಹಳೆಯ ಫಿಲಮೆಂಟ್ ಬಲ್ಬ್ ಆಗಿದ್ದರೆ ತಂತಿಯ ಬಿಸಿ ಈ ಏರಿಳಿತವನ್ನು ನುಂಗಿಕೊಳ್ಳುತ್ತಿತ್ತು. ಎಲ್‌ಇಡಿಗೆ ಆ ದಯೆ ಇಲ್ಲ.

ಗೋಡೆ ನೋಡುತ್ತಾ ಕೂತವರಿಗೆ ಇದು ಗೊತ್ತಾಗದೇ ಇರಬಹುದು. ಹೊಲಿಗೆ ಮೆಷಿನ್ ಮುಂದೆ ಗೊತ್ತಾಗುತ್ತದೆ. ಡಿಮ್ಮರ್ ಅರ್ಧಕ್ಕೆ ಇಟ್ಟು ಅವರಿಗೆ ಜೋರಾಗಿ ಹೊಲಿಯಲು ಹೇಳಿ ಹತ್ತಿರದಿಂದ ನೋಡಿದೆ. ಸೂಜಿಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಅದು ತನ್ನ ಉದ್ದಕ್ಕೇ ಮೇಲೆ ಕೆಳಗೆ ಹೋಗುವುದರಿಂದ ಒಂದರ ಮೇಲೊಂದು ಬಿದ್ದ ಬಿಂಬಗಳು ಬೇರೆಯಾಗಿ ಕಾಣುವುದಿಲ್ಲ. ಆದರೆ ಸೂಜಿ ಬಿಗಿಯುವ ಸ್ಕ್ರೂ? ಅದು ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ನೂಲು ಎಳೆಯುವ ಲಿವರ್ ಇನ್ನೂ ಸ್ಪಷ್ಟ, ಒಂದರ ಪಕ್ಕ ಒಂದು ಜೋಡಿಸಿಟ್ಟ ಬಾಚಣಿಗೆ ಹಲ್ಲಿನ ಹಾಗೆ. ಕೆಲವು ವೇಗದಲ್ಲಿ ಆ ಹಲ್ಲುಗಳು ನಿಂತೇ ಬಿಟ್ಟಂತೆ, ಕೆಲವು ವೇಗದಲ್ಲಿ ನಿಧಾನಕ್ಕೆ ಹಿಂದಕ್ಕೆ ಸರಿಯುವಂತೆ ಕಾಣುತ್ತಿತ್ತು. ಬಲಗಡೆಯ ಚಕ್ರದ್ದೂ ಇದೇ ಕತೆ. ಓಡುವ ಯಂತ್ರ ನಿಂತಂತೆ ಕಾಣುವುದು ತಲೆನೋವಿಗಿಂತ ದೊಡ್ಡ ಅಪಾಯ. ಬೆರಳು ಸೂಜಿಯ ಪಕ್ಕದಲ್ಲೇ ಇರುತ್ತದೆ.

ಡಿಮ್ಮರ್ ಬಿಚ್ಚಿದೆ. ಒಳಗಿದ್ದದ್ದು ಹಚ್ಚುವ ಆರಿಸುವ ತಾಳ ಹಾಕುವ, ನಮ್ಮೆಲ್ಲರ ಹಳೆಯ ಗೆಳೆಯ 555 ಟೈಮರ್ ಐಸಿ, ಆ ತಾಳಕ್ಕೆ ದೀಪದ ಕರೆಂಟನ್ನು ಬಿಟ್ಟು ತಡೆಯುವ ಸ್ವಿಚ್ಚಿನಂಥ ಒಂದು ಮಾಸ್‌ಫೆಟ್, 50 ಕಿಲೋ ಓಮ್‌ನ ಗುಂಡಿ, 104 ಅಂತ ಬರೆದ ಒಂದು ಕೆಪ್ಯಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ). 104 ಅಂದರೆ 100 ನ್ಯಾನೋಫ್ಯಾರಡ್. ಈ ಜೋಡಣೆಯಲ್ಲಿ ಸೆಕೆಂಡಿಗೆ ಎಷ್ಟು ಸಲ ಮಿಣುಕುತ್ತದೆ ಅನ್ನುವ ಲೆಕ್ಕ ಸುಲಭ. ಗುಂಡಿಯ ಓಮ್ ಮತ್ತು ಕೆಪ್ಯಾಸಿಟರಿನ ಫ್ಯಾರಡ್ ಗುಣಿಸಿ, ಬಂದದ್ದರಿಂದ 1.44 ಅನ್ನು ಭಾಗಿಸಬೇಕು. ಇಲ್ಲಿ 288 ಹರ್ಟ್ಸ್ ಬರುತ್ತದೆ. ಮೆಷಿನ್ ನಿಮಿಷಕ್ಕೆ 800 ಹೊಲಿಗೆ ಹಾಕಿದರೆ ಸೆಕೆಂಡಿಗೆ ಹದಿಮೂರು ಚಿಲ್ಲರೆ. ಅಂದರೆ ಒಂದು ಹೊಲಿಗೆಯೊಳಗೆ ದೀಪ ಇಪ್ಪತ್ತೊಂದು ಇಪ್ಪತ್ತೆರಡು ಸಲ ಹತ್ತಿ ಆರುತ್ತದೆ. ಲಿವರ್‌ನ ಹಲ್ಲುಗಳು ಬಂದದ್ದು ಅಲ್ಲಿಂದ.

ಎಲ್‌ಇಡಿ ಮಿಣುಕಿನ ಬಗ್ಗೆ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಐಇಇಇ ಸಂಸ್ಥೆಯ 1789 ಅನ್ನುವ ಶಿಫಾರಸು 2015ರಲ್ಲಿ ಬಂತು. ಪೂರ್ತಿ ಹತ್ತಿ ಪೂರ್ತಿ ಆರುವ ದೀಪವಾದರೆ 1250 ಹರ್ಟ್ಸ್ ಮೇಲಿದ್ದರೆ ಅಪಾಯ ಕಡಿಮೆ, 3000 ಮೇಲಿದ್ದರೆ ಪರಿಣಾಮವೇ ಕಾಣದು ಅನ್ನುವುದು ಅದರ ಲೆಕ್ಕ. 288 ಎಲ್ಲಿ, 1250 ಎಲ್ಲಿ!

ರಿಪೇರಿ ಅಂದರೆ ಒಂದು ಕೆಪ್ಯಾಸಿಟರ್ ಬದಲಾವಣೆ ಅಷ್ಟೇ. 104 ತೆಗೆದು 103 ಹಾಕಿದೆ, ಅಂದರೆ 10 ನ್ಯಾನೋಫ್ಯಾರಡ್. ಮಿಣುಕು ಹತ್ತು ಪಟ್ಟಾಗಿ 2880 ಹರ್ಟ್ಸ್‌ಗೆ ಏರಿತು. ಇಂಥ ಬದಲಾವಣೆಯಿಂದ ಒಂದು ಅಡ್ಡ ಪರಿಣಾಮ ಬರಬಹುದು. ಮೂರು ಕಿಲೋಹರ್ಟ್ಸ್ ಕಿವಿಗೆ ಚೆನ್ನಾಗಿ ಕೇಳುವ ಸದ್ದು, ಹಾಗಾಗಿ ಕೆಲವು ಅಡಾಪ್ಟರ್‌ಗಳು ಸಣ್ಣಗೆ ಕೀರಲು ಶುರು ಮಾಡುತ್ತವೆ. ಅದಕ್ಕೇ ಡಿಮ್ಮರ್‌ಗೆ ಕರೆಂಟ್ ಬರುವ ಕಡೆ 470 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಒಂದು ಕೆಪ್ಯಾಸಿಟರ್ ಸೇರಿಸಿದೆ. ಇಲ್ಲಿ ಸದ್ದೇನೂ ಬರಲಿಲ್ಲ.

ಡಿಮ್ಮರ್ ಬಿಚ್ಚದೆಯೂ ನಿಮ್ಮ ದೀಪ ಪರೀಕ್ಷೆ ಮಾಡಬಹುದು. ಬೇರೆ ದೀಪಗಳನ್ನು ಆರಿಸಿ, ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಪೆನ್ಸಿಲ್ಲನ್ನು ಜೋರಾಗಿ ಬೀಸಿ. ನಯವಾದ ಮಬ್ಬು ಕಂಡರೆ ಸರಿ. ಬೇರೆ ಬೇರೆ ಪೆನ್ಸಿಲ್‌ಗಳು ಕಂಡರೆ ದೀಪ ಮಿಣುಕುತ್ತಿದೆ.

ರಟ್ಟಿನ ಮೇಲೆ ಮೊದಲ ದೀಪ

ಹೊಸ ದೀಪಕ್ಕೆ 2835 ಚಿಪ್‌ನ, ಮೀಟರಿಗೆ 120 ಎಲ್‌ಇಡಿಯ, 12 ವೋಲ್ಟ್ ಸ್ಟ್ರಿಪ್ ಆರಿಸಿಕೊಂಡೆ. 4000 ಕೆಲ್ವಿನ್, ಅಂದರೆ ತೀರಾ ಹಳದಿಯೂ ತೀರಾ ನೀಲಿಯೂ ಅಲ್ಲದ ಬಿಳಿ. ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ರವರೆಗಿನ ಅಂಕ, 90ಕ್ಕಿಂತ ಮೇಲೆ. ಸಿಆರ್‌ಐ ವಿಷಯದಲ್ಲಿ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ. ಬಿಳಿ ಎಲ್‌ಇಡಿ ಅನ್ನುವುದು ಒಳಗೆ ನೀಲಿ ಎಲ್‌ಇಡಿಯೇ, ಮೇಲೆ ಹಳದಿ ಫಾಸ್ಫರ್ ಬಳಿದಿರುತ್ತಾರೆ. ಅಗ್ಗದ್ದರಲ್ಲಿ ಕೆಂಪು ಭಾಗ ತೀರಾ ಕಡಿಮೆ. ಅಂಥ ಬೆಳಕಿನಲ್ಲಿ ಮರೂನ್ ನೂಲೂ ಕಂದು ನೂಲೂ ಒಂದೇ ಥರ ಕಾಣುತ್ತವೆ, ಹೊರಗೆ ಬಂದು ನೋಡಿದಾಗ ಬಂಡವಾಳ ಬಯಲು. ನೂಲು ಹೊಂದಿಸುವವರಿಗೆ ಇದು ದಿನದ ಕಷ್ಟ.

ಎಷ್ಟು ಉದ್ದ ಬೇಕು? ಇದನ್ನು ಲೆಕ್ಕದಿಂದಲ್ಲ, ಕೂರಿಸಿ ತೀರ್ಮಾನಿಸಿದೆವು. ರಟ್ಟಿನ ಪಟ್ಟಿಗೆ 30 ಸೆಂಟಿಮೀಟರ್ ಸ್ಟ್ರಿಪ್ ಅಂಟಿಸಿ, ದಪ್ಪ ತಂತಿಗೆ ಕಟ್ಟಿ, ಅವರಿಗೆ ನಿಜವಾದ ಬಟ್ಟೆ ಹೊಲಿಯಲು ಹೇಳಿದೆ. ಬೆಳಕು ಬಹಳ ಚೆನ್ನಾಗಿತ್ತು. ಆದರೆ ಬಟ್ಟೆ ತಿರುಗಿಸುವಾಗಲೆಲ್ಲ ಪಟ್ಟಿಗೆ ತಗುಲುತ್ತಿತ್ತು. ಹೊಲಿಗೆ ಮೆಷಿನ್‌ನಲ್ಲಿ ಬಟ್ಟೆಯ ರಾಶಿ ಇರುವುದು ಸೂಜಿಯ ಎಡಕ್ಕೆ, ನಮಗೆ ಬೆಳಕು ಬೇಕಾದದ್ದೂ ಎಡದಿಂದಲೇ. ಈ ಜಗಳಕ್ಕೆ ಪೂರ್ತಿ ರಾಜಿ ಇಲ್ಲ. 20 ಸೆಂಟಿಮೀಟರಿಗೆ ಕತ್ತರಿಸಿ, ಕಂಬವನ್ನು ಎಡಕ್ಕಿಡದೆ ಮೇಜಿನ ಹಿಂದಿನ ಅಂಚಿಗೆ ತಂದು, ತೋಳನ್ನು ಮೆಷಿನ್ ತಲೆಯ ಮೇಲಿನಿಂದ ಬಾಗಿಸಿ ದೀಪದ ತಲೆ ಮಾತ್ರ ಎಡಕ್ಕೆ ಬರುವಂತೆ ಮಾಡಿದೆವು. ಸೂಜಿಯಿಂದ 22 ಸೆಂಟಿಮೀಟರ್ ದೂರ. ಕಪ್ಪು ಬಟ್ಟೆ ಬಂದಾಗ ಕೈಯಿಂದ ಬಗ್ಗಿಸಿ ಕೆಳಗಿಳಿಸಬಹುದು.

ರಟ್ಟಿನ ಹಂತವನ್ನು ಬಿಡಬೇಡಿ ಅಂತ ಹೇಳುವೆ. ಅಲ್ಯೂಮಿನಿಯಂ ಕತ್ತರಿಸಿದ ಮೇಲೆ ಮನಸ್ಸು ಬದಲಾಯಿಸಲು ಯಾರಿಗೂ ಇಷ್ಟ ಇರುವುದಿಲ್ಲ.

ಈಗ ಲೆಕ್ಕ. 12 ವೋಲ್ಟ್ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ ಒಂದರ ಹಿಂದೆ ಒಂದು ಇರುತ್ತವೆ, ಜೊತೆಗೊಂದು ರೆಸಿಸ್ಟರ್. ಈ ಮೂರರ ಗುಂಪೇ ಕತ್ತರಿಸಬಹುದಾದ ಕನಿಷ್ಠ ತುಂಡು. ಮೀಟರಿಗೆ 120 ಇದ್ದರೆ ಒಂದು ತುಂಡು ಎರಡೂವರೆ ಸೆಂಟಿಮೀಟರ್. 20 ಸೆಂಟಿಮೀಟರ್ ಅಂದರೆ ಎಂಟು ತುಂಡು, 24 ಎಲ್‌ಇಡಿ. ಒಂದು ತುಂಡಿಗೆ 20 ಮಿಲಿಆಂಪಿಯರ್, ಒಟ್ಟು 160. ವ್ಯಾಟ್‌ನಲ್ಲಿ ಹೇಳಿದರೆ 2ಕ್ಕೂ ಕಡಿಮೆ. 14.4 ವ್ಯಾಟ್ ಇದ್ದ ಜಾಗಕ್ಕೆ 2 ವ್ಯಾಟ್ ಅಂದಾಗ ಅವರು ನಂಬಲಿಲ್ಲ. ಹತ್ತಿರ ಬಂದದ್ದೇ ಇಲ್ಲಿ ಕೆಲಸ ಮಾಡಿದ್ದು. ಸಣ್ಣ ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಸ್ಟ್ರಿಪ್ ಉದ್ದವಿರುವುದರಿಂದ ಅಷ್ಟು ಪೂರ್ತಿ ಸಿಗದಿದ್ದರೂ ಲಾಭ ದೊಡ್ಡದೇ.

ಇಷ್ಟು ಹತ್ತಿರ, ಕೈ ತಗುಲುವ ಜಾಗದಲ್ಲಿ ದೀಪ ಇಡುವ ಧೈರ್ಯ ಬರುವುದು 12 ವೋಲ್ಟ್ ಆದ್ದರಿಂದಲೇ. ಮನೆಯ ಕರೆಂಟ್ ಅಡಾಪ್ಟರ್ ಒಳಗೇ ನಿಲ್ಲುತ್ತದೆ. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ.

ಯಾವ ಅಡಾಪ್ಟರ್

ಅವರ ಬಳಿ ಇನ್ನೊಂದು ಹಳೆಯ 12 ವೋಲ್ಟ್ ಅಡಾಪ್ಟರ್ ಇತ್ತು. ದಪ್ಪ, ಭಾರ. "ಇದು ಗಟ್ಟಿ ಇದೆ, ಇದನ್ನೇ ಹಾಕು" ಅಂದರು. ಮಲ್ಟಿಮೀಟರ್ ಹಿಡಿದರೆ 16.8 ವೋಲ್ಟ್ ತೋರಿಸಿತು. ಭಾರ ಇರುವುದು ಅಂದರೆ ಒಳಗೆ ಟ್ರಾನ್ಸ್‌ಫಾರ್ಮರ್. ಅಂಥವು ಮೇಲೆ ಬರೆದ ಪೂರ್ತಿ ಆಂಪಿಯರ್ ಎಳೆದಾಗ ಮಾತ್ರ 12ಕ್ಕೆ ಇಳಿಯುತ್ತವೆ, ಸಣ್ಣ ಹೊರೆಗೆ ಇಳಿಯುವುದಿಲ್ಲ.

ನಾಲ್ಕೈದು ವೋಲ್ಟ್ ಜಾಸ್ತಿಯಾದರೆ ಏನಾಗುತ್ತೆ ಅಂತ ಕೇಳಬಹುದು. ಮೂರು ಎಲ್‌ಇಡಿಗೆ ಸುಮಾರು 9 ವೋಲ್ಟ್ ಹೋಗುತ್ತದೆ. ಉಳಿದ 3 ವೋಲ್ಟ್ 150 ಓಮ್ ರೆಸಿಸ್ಟರ್ ಮೇಲೆ ಬಿದ್ದು 20 ಮಿಲಿಆಂಪಿಯರ್ ಹರಿಯುತ್ತದೆ. ಅಡಾಪ್ಟರ್ 16 ಕೊಟ್ಟರೆ ಎಲ್‌ಇಡಿ ತನ್ನ ಪಾಲನ್ನು ಹೆಚ್ಚೇನೂ ಏರಿಸಿಕೊಳ್ಳುವುದಿಲ್ಲ, ಹೆಚ್ಚಿದ್ದೆಲ್ಲ ರೆಸಿಸ್ಟರ್ ತಲೆಗೆ. ಕರೆಂಟ್ ಎರಡು ಪಟ್ಟು ದಾಟುತ್ತದೆ. ಸ್ಟ್ರಿಪ್ ಕೆಲವು ದಿನ ಜೋರಾಗಿ ಉರಿದು ಕಂದುತ್ತದೆ. ಹಾಗಾಗಿ ಹಗುರವಾದ ರೂಟರ್ ಅಡಾಪ್ಟರ್ ಅನ್ನೇ ಉಳಿಸಿಕೊಂಡೆ. ಅದು ಹೊರೆ ಇದ್ದರೂ ಇಲ್ಲದಿದ್ದರೂ 12ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಈಗ ಹೊರೆಯೂ ಕಡಿಮೆ.

ಹಳೆಯ ಸ್ಟ್ರಿಪ್ ಕೂಡ ವ್ಯರ್ಥವಾಗಲಿಲ್ಲ. ಸೂಜಿಯ ಹತ್ತಿರ ಮಾತ್ರ ಬೆಳಕಿದ್ದು ಸುತ್ತ ಕತ್ತಲೆ ಇದ್ದರೆ ತಲೆ ಎತ್ತಿದಾಗಲೆಲ್ಲ ಕಣ್ಣು ಹೊಂದಿಕೊಳ್ಳಬೇಕು, ಬೇಗ ದಣಿಯುತ್ತದೆ. ಹಳೆಯದನ್ನು ಅರ್ಧ ಮೀಟರಿಗೆ ಕತ್ತರಿಸಿ ಶೆಲ್ಫಿನ ತಳದಲ್ಲಿ ಹಿಂದಕ್ಕೆ, ಗೋಡೆಗೆ ಮುಖ ಮಾಡಿ ಅಂಟಿಸಿದೆ. ಅದಕ್ಕೆ 0.6 ಆಂಪಿಯರ್, ಹೊಸದಕ್ಕೆ 0.16. ಒಟ್ಟು 0.76. 1 ಆಂಪಿಯರ್ ಅಡಾಪ್ಟರ್‌ಗೆ ಈಗ ಉಸಿರಾಡಲು ಜಾಗ ಇದೆ. ಡಿಮ್ಮರ್ ಹೊಸ ದೀಪಕ್ಕೆ ಮಾತ್ರ.

ಕಟ್ಟಿದ್ದು

ತಲೆಗೆ ಯು ಆಕಾರದ ಅಲ್ಯೂಮಿನಿಯಂ ಚಾನೆಲ್, ಮೇಲೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳ ಒಂದಷ್ಟು ಬೆಳಕು ತಿನ್ನುತ್ತದೆ, ಆದರೆ 24 ಚುಕ್ಕೆಗಳನ್ನು ಒಂದು ಪಟ್ಟಿ ಮಾಡುತ್ತದೆ. ಮುಚ್ಚಳ ಇಲ್ಲದಿದ್ದರೆ ಒಂದು ನೂಲಿಗೆ ಸಾಲು ನೆರಳು. ತೋಳಿಗೆ ಮೈಕ್ ಸ್ಟ್ಯಾಂಡಿನ ಬಗ್ಗುವ ಕೊಳವೆ. ಬುಡಕ್ಕೆ ಮೇಜಿನ ಅಂಚು ಕಚ್ಚುವ ಕ್ಲಾಂಪ್. ಮೆಷಿನ್ ಮೈಗೇ ಅಂಟಿಸಿದರೆ ಸುಲಭವಾಗುತ್ತಿತ್ತು. ಆದರೆ ಅದರ ಅದುರಾಟಕ್ಕೆ ಸ್ಟ್ರಿಪ್‌ನ ತೆಳು ತಾಮ್ರದ ಮೇಲಿನ ಬೆಸುಗೆ ಒಂದಲ್ಲ ಒಂದು ದಿನ ಬಿಡುತ್ತದೆ. ಮೇಜಿಗೆ ಕಟ್ಟಿದರೂ ಅದುರು ಬರುತ್ತೆ, ಅದಕ್ಕೇ ಬೆಸುಗೆಯ ಪಕ್ಕದಲ್ಲಿ ತಂತಿಯನ್ನು ಚಾನೆಲ್‌ಗೆ ಬಿಗಿದು ಕಟ್ಟಿದೆ. ಎಳೆತ ಬೆಸುಗೆಗೆ ಹೋಗಬಾರದು. ಒತ್ತಿ ಕೂರಿಸುವ ಪ್ಲಾಸ್ಟಿಕ್ ಕನೆಕ್ಟರ್‌ಗಳನ್ನು ಅದುರುವ ಕಡೆ ಬಳಸಲೇಬೇಡಿ.

ತಂತಿ 24 ಗೇಜ್‌ನ ತೆಳುವಾದದ್ದೇ ಸಾಕಾಯಿತು. ಎರಡು ಮೀಟರ್ ದೂರಕ್ಕೆ ಹೋಗಿ ಬರುವ ತಂತಿಯ ರೆಸಿಸ್ಟೆನ್ಸ್ ಸುಮಾರು 0.34 ಓಮ್, 0.16 ಆಂಪಿಯರ್‌ಗೆ ಕಳೆದುಹೋಗುವುದು 0.05 ವೋಲ್ಟ್.

ಕರೆಂಟ್ ಕೊಡುವ ಮೊದಲು ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ ಚಾನೆಲ್ ಮತ್ತು ಸ್ಟ್ರಿಪ್‌ನ ಎರಡೂ ತುದಿ ಮುಟ್ಟಿಸಿದೆ. ಮೈನಸ್ ಕಡೆ ಬೀಪ್ ಅಂದಿತು. ಸ್ಟ್ರಿಪ್ ಕತ್ತರಿಸುವುದು ತಾಮ್ರದ ನಡುವೆಯೇ, ಹಾಗಾಗಿ ಕತ್ತರಿಸಿದ ಅಂಚಿನಲ್ಲಿ ತಾಮ್ರ ಬತ್ತಲೆ. ಅದು ಅಲ್ಯೂಮಿನಿಯಂಗೆ ತಗುಲಿತ್ತು. ದೀಪ ಉರಿಯುವುದಕ್ಕೆ ಇದರಿಂದ ಏನೂ ಅಡ್ಡಿ ಇಲ್ಲ, ಅದಕ್ಕೇ ಬಹಳ ಜನ ಗಮನಿಸುವುದೂ ಇಲ್ಲ. ಆದರೆ ಎರಡು ಪಿನ್ನಿನ ಇಂಥ ಅಡಾಪ್ಟರ್‌ಗಳ ಒಳಗೆ ಮನೆಯ ಕರೆಂಟಿನ ಕಡೆಗೂ 12 ವೋಲ್ಟ್ ಕಡೆಗೂ ನಡುವೆ ಒಂದು ಸಣ್ಣ ಕೆಪ್ಯಾಸಿಟರ್ ಇರುತ್ತದೆ. ಅದರ ಮೂಲಕ ಅತಿ ಕಡಿಮೆ ಕರೆಂಟ್ ಸೋರುತ್ತದೆ. ಪ್ರಾಣಕ್ಕೆ ಏನೂ ಆಗುವುದಿಲ್ಲ, ಆದರೆ ಬೆವರಿದ ಮೊಣಕೈ ಚಾನೆಲ್ ಸವರಿದರೆ ಜುಮ್ ಅನ್ನುತ್ತದೆ. ಸೂಜಿ ಓಡುತ್ತಿರುವಾಗ ಕೈ ಬೆಚ್ಚುವುದು ಬೇಡ. ಸ್ಟ್ರಿಪ್‌ನ ಎರಡೂ ತುದಿಗೆ, ಬೆಸುಗೆಯ ಕೆಳಗೂ ಬಿಸಿ ತಡೆಯುವ ಇನ್ಸುಲೇಷನ್ ಟೇಪ್ ಹಾಕಿದ ಮೇಲೆ ಬೀಪ್ ನಿಂತಿತು.

ಆಮೇಲೆ

ಸೂಜಿಯ ತಟ್ಟೆಯ ಮೇಲೆ ಅದೇ ಫೋನ್ ಈಗ 900 ದಾಟಿ ತೋರಿಸುತ್ತದೆ. ಎಡಗೈ ಇಟ್ಟಾಗ 700ರ ಆಸುಪಾಸು. ಕಣ್ಣಿನ ಜಾಗದಲ್ಲಿ 100ಕ್ಕಿಂತ ಕಡಿಮೆ, ಅದೂ ಗೋಡೆಯಿಂದ ಚದುರಿ ಬಂದದ್ದು. ಡಿಮ್ಮರ್ ಹೆಚ್ಚಿನ ಹೊತ್ತು ಫುಲ್‌ನಲ್ಲೇ ಇರುತ್ತದೆಯಂತೆ. ಸ್ಯಾಟಿನ್‌ನಂಥ ಹೊಳೆಯುವ ಬಿಳಿ ಬಟ್ಟೆಗೆ ಮಾತ್ರ ಇಳಿಸುತ್ತಾರೆ. ಡಿಮ್ಮರ್‌ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಬೇಕಿತ್ತಾ ಅಂದರೆ, ಆ ಬಿಳಿ ಬಟ್ಟೆಗಾಗಿ ಬೇಕಿತ್ತು.

ದೊಡ್ಡ ಬಟ್ಟೆ ಬಂದಾಗ ದೀಪದ ತಲೆ ಇನ್ನೂ ಅಡ್ಡ ಬರುತ್ತದೆ. ಹೊದಿಕೆ, ಪರದೆ ಹೊಲಿಯುವಾಗ ಅವರು ತೋಳನ್ನು ಮೇಲಕ್ಕೆತ್ತಿ ಇಡುತ್ತಾರೆ, ಆಗ ಬೆಳಕು ಅರ್ಧಕ್ಕರ್ಧ ಇಳಿಯುತ್ತದೆ. ತಿಳಿ ಬಣ್ಣದ ಪರದೆಗೆ ಅಷ್ಟು ಸಾಕು.

ಈಗ ಬಟ್ಟೆ ಕತ್ತರಿಸುವ ಮೇಜಿಗೂ ಇಂಥದ್ದೇ ಬೇಕು ಅನ್ನುತ್ತಿದ್ದಾರೆ. ಅದು ಎರಡು ಮೀಟರ್ ಉದ್ದದ ಮೇಜು, ಅಲ್ಲಿ ಬೇಕಾದದ್ದು ಮೇಲಿನಿಂದ ಸಮನಾಗಿ ಹರಡುವ ಬೆಳಕು. ಅಷ್ಟು ಉದ್ದಕ್ಕೆ ಇದೇ 12 ವೋಲ್ಟ್ ಸ್ಟ್ರಿಪ್ ಹಾಕಿದರೆ 1.6 ಆಂಪಿಯರ್ ಬೇಕು. ಇದೇ ತೆಳು ತಂತಿಯಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ರೆಸಿಸ್ಟರ್ ಮೇಲಿರುವುದೇ 3 ವೋಲ್ಟ್ ಆದ್ದರಿಂದ ಆರನೇ ಒಂದು ಭಾಗ ಬೆಳಕು ಹೋದಂತೆ. ಹಾಗಾಗಿ ಅಲ್ಲಿಗೆ 24 ವೋಲ್ಟ್ ಸ್ಟ್ರಿಪ್, ಅದಕ್ಕೆ ತಕ್ಕ ಬೇರೆ ಅಡಾಪ್ಟರ್ ಅಂತ ಹೇಳಿದ್ದೇನೆ. ಅಷ್ಟೇ ವ್ಯಾಟ್‌ಗೆ ಕರೆಂಟ್ ಅರ್ಧವಾಗುತ್ತದೆ, ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.